ಸೊಸೆಯ ಒಂಬತ್ತನೇ ಸಾಲು

ಮೂರು ಸ್ಕ್ರೂಗಳು ಹೇಳಿದ ಮಾತು ಕೇಳಿ ಹೊರಬಂದವು. ನಾಲ್ಕನೆಯದು ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ಇದು ಮೇಷ್ಟ್ರು ಬಿಗಿದಿದ್ದಲ್ಲ," ಎಂದಳು ಟಾರ್ಚಕ್ಕ, ನೆಲದ ಮೇಲೆ ಮಂಡಿಯೂರಿಕೊಂಡೇ. "ಅವರು ಬಿಗಿದಿದ್ರೆ ಎರಡು ಬೆರಳಿಗೆ ಬರ್ತಿತ್ತು. ಇದನ್ನ ಬಿಗಿದವರು ಯಾರೋ ಗಾಬರೀಲಿದ್ರು."

ಹಿಂದೆ ನಿಂತಿದ್ದ ಮೌನಿ ಏನೂ ಹೇಳಲಿಲ್ಲ. ಹೆಸರೇ ಮೌನಿ. ಆ ಹೆಸರಿಟ್ಟವಳೂ ಅವಳೇ, ಒಂಬತ್ತು ವರ್ಷದ ಹಿಂದೆ, ಅವನು ಕೆಲಸ ಕಲಿಯಲು ಬಂದ ಮೊದಲ ವಾರದಲ್ಲಿ. ಈಗ ಅವನು ಎರಡು ಮಕ್ಕಳ ತಂದೆ, ಈ ಯಂತ್ರದ ಕೋಣೆಗೆ ಅವನೇ ಮೇಲ್ವಿಚಾರಕ. ಸಂಜೆ ನಾಲ್ಕರ ತನಕ ಮಾತ್ರ.

ಹೋದ ಬುಧವಾರ ಈ ಕೋಣೆಯಿಂದ ಹೊರಟ ಪ್ರೋಗ್ರಾಮು ನಲವತ್ತು ಆಂಬುಲೆನ್ಸ್ ಕೇಂದ್ರಗಳ ಕಂಪ್ಯೂಟರುಗಳನ್ನು ಎರಡು ಗಂಟೆ ಮಲಗಿಸಿಬಿಟ್ಟಿತ್ತು. ತುಂಬು ಬಸುರಿಯೊಬ್ಬಳು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲೇ ಹೆತ್ತಿದ್ದಳು. ತಾಯಿ ಮಗು ಕ್ಷೇಮ. ಆದರೆ ಯಾರದಾದರೂ ತಲೆ ಉರುಳಬೇಕಲ್ಲ. ನಾಲ್ಕು ಗಂಟೆಯ ತನಿಖಾ ಸಭೆಗೆ ಗುರುತು ಮಾಡಿಟ್ಟಿದ್ದ ತಲೆ ಮೌನಿಯದು. ಇಂಥ ಹಣೆಪಟ್ಟಿ ಕಟ್ಟಿಕೊಂಡು ಹೊರಬಿದ್ದವನನ್ನು ಮತ್ತೆ ಯಾವ ಕಂಪನಿಯೂ ಯಂತ್ರದ ಹತ್ತಿರ ಸುಳಿಯಗೊಡುವುದಿಲ್ಲ. ಕೆಲಸ ಬಿಟ್ಟು ಹೋಗಿದ್ದ ಟಾರ್ಚಕ್ಕನನ್ನು ಸಭೆಗೆ ಮುಂಚೆ ಯಂತ್ರ ಪರೀಕ್ಷಿಸಲೆಂದು ಇವತ್ತು ಕರೆಸಿದ್ದರು.

ನಾಲ್ಕನೇ ಸ್ಕ್ರೂ ಕಿರ್ ಎಂದು ಸಡಿಲವಾಯಿತು. ಟಾರ್ಚಕ್ಕ ನಾಲ್ಕನ್ನೂ ಊಟದ ಡಬ್ಬಿಯ ಮುಚ್ಚಳಕ್ಕೆ ಹಾಕಿದಳು. ಸ್ಕ್ರೂ ಕಳೆಯಬಾರದು ಎಂದರೆ ಅವನ್ನು ಊಟದ ಡಬ್ಬಿಯಲ್ಲಿಡಬೇಕು, ಹಸಿವು ಯಾರಿಗೂ ಮರೆಯುವುದಿಲ್ಲ ಎಂಬುದು ಅವಳ ಹಳೇ ಸಿದ್ಧಾಂತ.

ಮುಚ್ಚಳದ ಒಳಗೆ ಗಂಡ ಅಂಟಿಸಿದ್ದ ಚೀಟಿ ಇನ್ನೂ ಇತ್ತು. ಹಸಿರು ಇಂಕು, ಗುಂಡು ಗುಂಡು ಅಕ್ಷರ: "ಮಾತ್ರೆ ನುಂಗು. ಕಣ್ಣಿಗೆ ಹನಿ ಹಾಕಿಕೋ. ಮೂರಕ್ಕೆ ಮನೆಗೆ ಹೊರಡು." ಗಡಿಯಾರ ಎರಡು ಮುಕ್ಕಾಲು ತೋರಿಸುತ್ತಿತ್ತು. ಕಣ್ಣಿನ ಆಪರೇಷನ್ ಆಗಿ ಒಂದು ತಿಂಗಳಾಗಿದ್ದರೂ ಆ ಮನುಷ್ಯ ಅವಳನ್ನು ಗಾಜಿನ ಲೋಟದ ಹಾಗೆ ನೋಡಿಕೊಳ್ಳುತ್ತಿದ್ದ.

ಅವಳು ಯಂತ್ರದ ಪಕ್ಕದ ತಗಡನ್ನು ಎಳೆದಳು. ಬೆಚ್ಚನೆಯ ಧೂಳಿನ ವಾಸನೆ ಮುಖಕ್ಕೆ ಬಡಿಯಿತು.

ಆ ವಾಸನೆಗೆ ಇಪ್ಪತ್ತಾರು ವರ್ಷ ವಯಸ್ಸು. ಇದೇ ಕೋಣೆ, ಇದೇ ಸುಣ್ಣ ಬಿಟ್ಟ ಮೂಲೆ, ಕಿಟಕಿಯ ಕೆಳಗೆ ಒಂದು ಮೇಜು. ಮೇಜಿನ ಮೇಲೆ ಒಂದೇ ಫ್ಲಾಸ್ಕ್, ಮೂರು ಲೋಟ. ಒಂದು ಕೆಲಸ ಕಲಿಸಿದ ಮೇಷ್ಟ್ರದು, ಒಂದು ಅವಳದು, ಇನ್ನೊಂದು ಆಗ ಕಡ್ಡಿಯ ಹಾಗಿದ್ದ ಹುಡುಗನದು, ಅವನನ್ನು ಎಲ್ಲರೂ ಪೆನ್ಸಿಲ್ ಎನ್ನುತ್ತಿದ್ದರು. ಆ ಪೆನ್ಸಿಲ್ ಈಗ ಮ್ಯಾನೇಜರ್. ಹೊಟ್ಟೆ ಬಂದಿದೆ, ಹೆಸರು ಹೋಗಿದೆ.

ಆಗ ಇದ್ದದ್ದು ಒಂದೇ ಯಂತ್ರ, ಅದರ ಹೆಸರು ಅಜ್ಜಿ. ಆಮೇಲೆ ಅತ್ತೆ ಬಂದಳು. ಕೊನೆಗೆ ಹೊಸ ಪ್ರೊಸೆಸರ್ ಹೊತ್ತುಕೊಂಡು, ಮಿರಮಿರ ಮಿಂಚುತ್ತಾ ಸೊಸೆ ಬಂದಳು. ಎಂಜಿನಿಯರುಗಳು ಬರೆದು ಕಳಿಸಿದ್ದನ್ನು ಓಡುವ ಪ್ರೋಗ್ರಾಮಾಗಿ ಕಟ್ಟಿಕೊಡುವುದು ಮೂವರ ಕೆಲಸ. ಯಾರು ಬಿಡುವಾಗಿದ್ದಾರೋ ಅವರಿಗೆ ಕೆಲಸ ಬೀಳುತ್ತಿತ್ತು. ಬುಧವಾರ ಬಿದ್ದದ್ದು ಸೊಸೆಗೆ, ಈಗ ತಗಡು ಬಿಚ್ಚಿದ ಈ ಯಂತ್ರಕ್ಕೆ.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದು ಗೊಣಗಿಕೊಂಡು ಅವಳು ಟಾರ್ಚ್ ಹಚ್ಚಿದಳು.

ತಗಡಿನ ಒಳಮೈಗೆ ಅಂಟಿಸಿದ್ದ ಚೀಟಿ ಬೆಳಕಿಗೆ ಬಂತು. ನೀಲಿ ಇಂಕು, ಬಲಕ್ಕೆ ವಾಲಿದ ಸಾಲುಗಳು. ಮೇಷ್ಟ್ರ ಕೈಬರಹ. ಮೇಷ್ಟ್ರು ಹೋಗಿ ಒಂದು ವರ್ಷ ದಾಟಿತ್ತು. ಅಕ್ಷರ ಮಾತ್ರ ಈಗಷ್ಟೇ ಕೈತೊಳೆದುಕೊಂಡು ಬಂದು ಬರೆದ ಹಾಗಿತ್ತು.

ಚೀಟಿ ಮೇಷ್ಟ್ರು ಎಂಬ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ. ಯಂತ್ರ ಕಣ್ಣು ಬಿಟ್ಟ ತಕ್ಷಣ ಮೊದಲು ಓದಿಕೊಳ್ಳುವ ಪಾಠವೇ ಫರ್ಮ್‌ವೇರ್. ಆ ಪಾಠಕ್ಕೆ ಹೊಸ ಆವೃತ್ತಿ ಹಾಕಿದರೆ ನಾವು ಮಾಡಿಟ್ಟ ಸೆಟ್ಟಿಂಗುಗಳೆಲ್ಲ ಅಳಿಸಿ, ಯಂತ್ರ ಕಾರ್ಖಾನೆಯಿಂದ ಬಂದ ದಿನದ ಹಾಗಾಗಿಬಿಡುತ್ತದೆ. ಅದಕ್ಕೇ ಪ್ರತಿ ಯಂತ್ರದ ಸೆಟ್ಟಿಂಗುಗಳನ್ನೂ ಅವರು ಕೈಯಲ್ಲಿ ಬರೆದು ಅದರ ಹೊಟ್ಟೆಯೊಳಗೇ ಅಂಟಿಸುತ್ತಿದ್ದರು. "ಕಂಪ್ಯೂಟರಲ್ಲಿ ಬರೆದಿಟ್ರೆ ಕಂಪ್ಯೂಟರ್ ಕೆಟ್ಟ ದಿನ ಎಲ್ಲಿ ಓದ್ತೀಯ?" ಎಂದು ಕೇಳುತ್ತಿದ್ದರು.

"ಫರ್ಮ್‌ವೇರ್ ಯಾವಾಗ ಹಾಕಿದೆ?" ಎಂದು ಟಾರ್ಚಕ್ಕ ಕೇಳಿದಳು.

"ಮೂರು ವಾರ ಆಯ್ತು ಅಕ್ಕ. ಮುಖ್ಯ ಕಚೇರಿಯಿಂದ ಸುತ್ತೋಲೆ ಬಂತು. ಕಳ್ಳರು ನುಗ್ಗೋಕೆ ದಾರಿ ಇದೆ, ಎಲ್ಲ ಯಂತ್ರಕ್ಕೂ ಹೊಸದು ಹಾಕಿ ಅಂತ."

"ಆಮೇಲೆ ಚೀಟಿ ನೋಡಿ ಸೆಟ್ಟಿಂಗ್ ವಾಪಸ್ ಮಾಡಿದೆ?"

"ಒಂದೊಂದು ಸಾಲೂ."

ಅವಳು ಬೆರಳಿಟ್ಟು ಎಣಿಸಿದಳು. ಎಂಟು ಸಾಲು. ಇನ್ನೊಮ್ಮೆ ಎಣಿಸಿದಳು. ಎಂಟೇ.

ಚೀಟಿಯ ತಲೆಯ ಮೇಲೆ ಮಾತ್ರ ಒಂದು ಸೊನ್ನೆ ಸುತ್ತಿ, ಅದರೊಳಗೆ ಮೇಷ್ಟ್ರು ಒಂಬತ್ತು ಎಂದು ಬರೆದಿದ್ದರು. ಅದು ಅವರ ಪದ್ಧತಿ. ಸಾಲು ಎಷ್ಟಿವೆಯೋ ಅಷ್ಟನ್ನು ಮೊದಲೇ ಮೇಲೆ ಬರೆದುಬಿಡುವುದು, ಬಟ್ಟೆ ಒಗೆಯಲು ಹಾಕುವವರು ಎಣಿಸಿ ಹಾಕುವ ಹಾಗೆ.

ಅವಳು ಚೀಟಿಯ ಅಂಚಿನ ಉದ್ದಕ್ಕೂ ಬೆಳಕು ಹರಿಸಿದಳು. ಮೂರು ಅಂಚು ವಯಸ್ಸಾಗಿ ಕಂದು ತಿರುಗಿದ್ದವು. ಕೆಳಗಿನ ಅಂಚು ಬೆಳ್ಳಗಿತ್ತು. ಕತ್ತರಿ ಆಡಿ ಬಹಳ ದಿನವಾಗಿರಲಿಲ್ಲ. ನಾಲ್ಕು ಮೂಲೆಯಲ್ಲಿ ಹಳದಿಯಾದ ಹಳೇ ಟೇಪಿನ ಮೇಲೆ ಹೊಸ ಟೇಪಿನ ನಾಲ್ಕು ಹೊಳೆಯುವ ಚೂರುಗಳೂ ಇದ್ದವು. ಚೀಟಿ ಸಡಿಲವಾಗಿ ಮೌನಿ ಮತ್ತೆ ಅಂಟಿಸಿರಬೇಕು ಎಂದುಕೊಂಡು ಅವಳು ಅದನ್ನು ಅಲ್ಲಿಗೇ ಬಿಟ್ಟಳು.

"ಇದನ್ನ ಕತ್ತರಿಸಿದ್ದು ಯಾರು?"

ಮೌನಿ ಕಿಟಕಿಯ ಕಡೆ ನೋಡಿದ. "ಗೊತ್ತಿಲ್ಲ ಅಕ್ಕ."

"ಕತ್ತರಿಸಿರೋದು ನಿನಗೆ ಕಾಣಿಸಲಿಲ್ವಾ?"

ಅವನು ಬಾಯಿ ಬಿಡಲಿಲ್ಲ. ಅವನ ಮೌನದಲ್ಲೂ ತರಾವರಿ ಇತ್ತು. ಎರಡು ವರ್ಷ ಪಕ್ಕದಲ್ಲಿ ಕೂತು ಕಲಿಸಿದವಳಿಗೆ ಅವೆಲ್ಲ ಗೊತ್ತು. ಇದು ಗೊತ್ತಿಲ್ಲದವನ ಮೌನವಲ್ಲ. ಯಾರನ್ನೋ ಕಾಯುವವನ ಮೌನ. ಅವಳಿಗೆ ಸಿಟ್ಟು ಬಂತು.

ಅವಳು ಕುರ್ಚಿಗೆ ಏರಿ ಸೊಸೆಯನ್ನು ಆರಿಸಿ ಮತ್ತೆ ಹಚ್ಚಿದಳು. ಪರದೆಯ ಮೇಲೆ ಸೆಟ್ಟಿಂಗುಗಳು ಬಂದವು. ಎಂಟು ಸಾಲೂ ಚೀಟಿಯಲ್ಲಿದ್ದಂತೆಯೇ ಇದ್ದವು. ಪ್ರೊಸೆಸರಿನ ಪುಟಕ್ಕೆ ಬಂದಾಗ ಅವಳ ಕೈ ನಿಂತಿತು. ಸೊಸೆಯ ಪ್ರೊಸೆಸರಿಗೆ ಮಾತ್ರ ಬರುತ್ತಿದ್ದ, ಒಂದೇ ಏಟಿಗೆ ಹದಿನಾರು ಲೆಕ್ಕ ಮಾಡುವ ಹೊಸ ಸೌಲಭ್ಯದ ಮುಂದೆ "ತೆರೆದಿದೆ" ಎಂದಿತ್ತು.

ಅಲ್ಲಿಗೆ ಬುಧವಾರದ ಕತೆ ಬಿಚ್ಚಿಕೊಂಡಿತು. ಮುಖ್ಯ ಕಚೇರಿಯಿಂದ ಬರುವ ಕಟ್ಟುವ ವಿಧಾನದಲ್ಲಿ ಒಂದು ಮಾತಿತ್ತು: ಕಟ್ಟುವ ಯಂತ್ರಕ್ಕೆ ಯಾವ ಯಾವ ವಿದ್ಯೆ ಬರುತ್ತದೋ ಎಲ್ಲವನ್ನೂ ಬಳಸು. ಅದನ್ನು ತಿದ್ದುವ ಅಧಿಕಾರ ಈ ಕೋಣೆಗೆ ಇರಲಿಲ್ಲ. ಅಜ್ಜಿಗೂ ಅತ್ತೆಗೂ ಆ ಹೊಸ ಲೆಕ್ಕ ಬರುತ್ತಿರಲಿಲ್ಲವಾದ್ದರಿಂದ ತೊಂದರೆ ಇರಲಿಲ್ಲ. ಸೊಸೆಗೆ ಬರುತ್ತಿತ್ತು. ಆಂಬುಲೆನ್ಸ್ ಕೇಂದ್ರಗಳ ಹದಿನೈದು ವರ್ಷದ ಹಳೇ ಡಬ್ಬಗಳಿಗೆ ಬರುತ್ತಿರಲಿಲ್ಲ. ಬಾರದ ಲೆಕ್ಕ ಎದುರಾದ ಕೂಡಲೇ ಅವು ಕೈಚೆಲ್ಲಿ ಕೂತುಬಿಟ್ಟವು. ಪ್ರೋಗ್ರಾಮು ಪರೀಕ್ಷಿಸುವ ಮೇಜಿನ ಮೇಲಿದ್ದ ಕಂಪ್ಯೂಟರ್ ಹೊಸದು, ಅದಕ್ಕೆ ಎಲ್ಲ ಬರುತ್ತಿತ್ತು. ಹಾಗಾಗಿ ಯಾರಿಗೂ ಸುಳಿವು ಸಿಕ್ಕಿರಲಿಲ್ಲ.

"ಮೇಷ್ಟ್ರು ಈ ಸೌಲಭ್ಯಾನ ಮುಚ್ಚಿಟ್ಟಿದ್ರು," ಎಂದಳು ಅವಳು. "ಸೊಸೆಗೇ ಗೊತ್ತಾಗದ ಹಾಗೆ. ಒಂಬತ್ತನೇ ಸಾಲು ಅದೇ ಇರಬೇಕು."

"ಇರಬೇಕು ಅಂದ್ರೆ ಸಾಲದು ಅಕ್ಕ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ. "ಸಭೆಯವರು ಕಾಗದ ಕೇಳ್ತಾರೆ."

ಮ್ಯಾನೇಜರ್ ಒಳಗೆ ಬಂದು ಬಾಗಿಲು ಮುಂದೆ ಮಾಡಿದ. ಕೈಯಲ್ಲಿ ಟೈಪು ಮಾಡಿದ ವರದಿ ಇತ್ತು. ಅವನು ಪೆನ್ನು ಹಿಡಿದು ಬರೆದದ್ದನ್ನು ಈಗಿನ ಸಿಬ್ಬಂದಿಯಲ್ಲಿ ಯಾರೂ ಕಂಡಿರಲಿಲ್ಲ; ರಜೆ ಮಂಜೂರು ಮಾಡುವುದನ್ನೂ ಟೈಪೇ ಮಾಡುತ್ತಿದ್ದ.

"ನಿಮ್ಮ ಒಂದು ಸಹಿ ಬೇಕು. ಯಂತ್ರ ಪರೀಕ್ಷಿಸಿದ್ದೀನಿ, ಮೇಲ್ವಿಚಾರಕ ಸೆಟ್ಟಿಂಗ್ ಬಿಟ್ಟುಬಿಟ್ಟಿದ್ದಾನೆ ಅಂತ, ಅಷ್ಟೇ."

"ಓದದೆ ಸಹಿ ಹಾಕೋದನ್ನ ನಿನಗೆ ಈ ಕೋಣೇಲಿ ಯಾರೂ ಕಲಿಸಲಿಲ್ಲ ಪೆನ್ಸಿಲ್."

ಹಳೇ ಹೆಸರು ಕಿವಿಗೆ ಬಿದ್ದು ಅವನ ಮುಖ ಒಂದು ಕ್ಷಣ ಸಡಿಲವಾಯಿತು. ಮರುಕ್ಷಣ ಮತ್ತೆ ಮ್ಯಾನೇಜರ್ ಆಯಿತು.

"ನನಗೂ ಇವನ ಮೇಲೆ ದ್ವೇಷ ಇಲ್ಲ ಅಕ್ಕ. ಆದ್ರೆ ಫರ್ಮ್‌ವೇರ್ ಹಾಕಿದ್ದು ಇವನೇ, ಸೆಟ್ಟಿಂಗ್ ಮಾಡಿದ್ದು ಇವನೇ. ನಾನು ಯಾರ ಹೆಸರು ಬರೀಲಿ?"

"ಮೊದಲು ಇದನ್ನ ನೋಡು." ಅವಳು ಚೀಟಿಯ ಕೆಳ ಅಂಚಿಗೆ ಟಾರ್ಚ್ ಹಿಡಿದಳು. "ಯಾರೋ ಕತ್ತರಿಸಿದ್ದಾರೆ. ಬೀಗದ ಕೈ ಪುಸ್ತಕ ನೋಡಿದೆ. ಎರಡು ತಿಂಗಳಲ್ಲಿ ಈ ಕೋಣೆಯ ಬೀಗ ತೆಗೆದವರು ಇಬ್ಬರೇ. ಇವನು ಒಬ್ಬ. ಇನ್ನೊಬ್ಬ ನೀನು, ಒಂದೇ ಸಲ, ಐದು ವಾರದ ಹಿಂದೆ."

"ಏನೋ ಮೀಟರ್ ನೋಡೋಕೆ ಬಂದಿದ್ದೆ. ಈ ತಗಡು ಮುಟ್ಟಿ ಹತ್ತು ವರ್ಷ ಆಯ್ತು."

"ಸಾಲು ಒಂದೇ ಹೋಗಿದ್ರೆ ನಾನು ಹಾಗೇ ನಂಬ್ತಿದ್ದೆ. ಆದ್ರೆ ಸಾಲಿನ ಕೆಳಗೆ ಇನ್ನೊಂದಿತ್ತು. ಮೇಷ್ಟ್ರು ಯಾವ ಚೀಟಿ ಬರೆದ್ರೂ ಕೆಳಗೆ..."

ಮಾತು ಅಲ್ಲಿಗೇ ನಿಂತಿತು. ಕೆಳಗೆ ಸಹಿ ಇರುತ್ತಿತ್ತು. ಕೊನೆಯ ಅಕ್ಷರದಿಂದ ಬಾಲ ಎಳೆದು, ಬಾಲದ ತುದಿಗೊಂದು ಚುಕ್ಕೆ ಇಟ್ಟ ಸಹಿ. ಅದನ್ನು ಅವಳು ಈ ಬೆಳಿಗ್ಗೆ ಮನೆ ಬಿಡುವ ಮೊದಲೇ ನೋಡಿದ್ದಳು.

ಮೇಷ್ಟ್ರು ತೀರಿಕೊಂಡು ವರ್ಷ ತುಂಬಿದ ದಿನ ಪೆನ್ಸಿಲ್ ಅವಳ ಮನೆಗೆ ಬಂದಿದ್ದ. ಕಂಕುಳಲ್ಲಿ ಒಂದು ಚೌಕಟ್ಟು. ಮೇಲೆ ಮೂವರ ಹಳೇ ಫೋಟೋ, ಅದೇ ಫ್ಲಾಸ್ಕು, ಅದೇ ಮೂರು ಲೋಟ. ಫೋಟೋದ ಕೆಳಗೆ ದಪ್ಪ ರಟ್ಟಿನ ಕಿಂಡಿಯಲ್ಲಿ ನೀಲಿ ಇಂಕಿನ ನಿಜವಾದ ಸಹಿ. ಅವಳು ಅದನ್ನು ಎದೆಗೊತ್ತಿಕೊಂಡು ಅತ್ತಿದ್ದಳು. ಮರುವಾರವೇ ಕಣ್ಣಿನ ಆಪರೇಷನ್. ಗಂಡ ಆ ಚೌಕಟ್ಟನ್ನು ಮನೆಯೊಳಗಿನ ಬೆಳಕಿಲ್ಲದ ಓಣಿಯ ಗೋಡೆಗೆ ತೂಗುಹಾಕಿದ್ದ. ಬೇರೆ ಎಲ್ಲೂ ಮೊಳೆ ಇಲ್ಲ ಎಂದಿದ್ದ.

ಆ ಕೋಣೆಯೊಳಗೆ ಮೊಬೈಲು ತರುವ ಹಾಗಿರಲಿಲ್ಲ. ಟಾರ್ಚಕ್ಕ ಮೇಜಿನ ಮೇಲಿದ್ದ ಸುರುಳಿ ತಂತಿಯ ಫೋನು ಎತ್ತಿ ಮನೆಯ ನಂಬರ್ ಒತ್ತಿದಳು. ಆ ಕಡೆ ಎರಡನೇ ರಿಂಗಿಗೇ ಎತ್ತಿದರು.

"ಮೂರು ಮುಕ್ಕಾಲು ಆಗ್ತಾ ಬಂತು, ಇನ್ನೂ ಹೊರಡಲಿಲ್ವೇನೇ?" ಎಂದ ಗಂಡ.

"ರೀ, ಓಣೀಲಿರೋ ಮೇಷ್ಟ್ರ ಫೋಟೋ ಇಳಿಸಿ. ಹಿಂದಿನ ರಟ್ಟು ಬಿಚ್ಚಿ ಸಹಿಯ ಕಾಗದ ಹೊರಗೆ ತೆಗೀರಿ."

"ಈಗಲಾ? ಮಾತ್ರೆ ನುಂಗಿದೆಯಾ?"

"ನುಂಗಿದೆ. ಬೇಗ."

ಸುಳ್ಳು ಹೇಳಿದ್ದಕ್ಕೆ ಅವಳಿಗೆ ಸ್ವಲ್ಪವೂ ಬೇಜಾರಾಗಲಿಲ್ಲ. ಫೋನಿನಲ್ಲಿ ಕುರ್ಚಿ ಎಳೆದ ಸದ್ದು, ಮೊಳೆಯಿಂದ ದಾರ ಬಿಟ್ಟ ಸದ್ದು, ರಟ್ಟು ಕಿತ್ತ ಸದ್ದು ಒಂದೊಂದಾಗಿ ಬಂದವು. ಮ್ಯಾನೇಜರ್ ವರದಿಯನ್ನು ಮೇಜಿನ ಮೇಲಿಟ್ಟು, ಮೌನಿ ಕೂರುವ ಸ್ಟೂಲಿನ ಮೇಲೆ ಮೆಲ್ಲಗೆ ಕೂತ.

"ಸಿಕ್ತು," ಎಂದ ಗಂಡ. "ಸಹಿಯ ಮೇಲೆ ಏನೋ ಬರೆದಿದೆ. ರಟ್ಟಿನ ಹಿಂದೆ ಮುಚ್ಚಿಹೋಗಿತ್ತು."

"ಓದಿ."

"ಒಂಬತ್ತು. ಹದಿನಾರರ ಲೆಕ್ಕದ ಹೊಸ ಸೌಲಭ್ಯ ಮುಚ್ಚಿಡಿ. ಹೊರಗಿನ ಹಳೇ ಡಬ್ಬಗಳಿಗೆ ಇದು ಬರುವುದಿಲ್ಲ. ಮರೆಯಬೇಡಿ." ಗಂಡ ಅಷ್ಟು ಓದಿ ಮುಗಿಸಿದ. "ಮರೆಯಬೇಡಿ ಅನ್ನೋದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ."

"ಇಡಬೇಡಿ, ಹಾಗೇ ಇರಿ," ಎಂದು ಅವಳು ಫೋನನ್ನು ಕಿವಿಯಿಂದ ಇಳಿಸಿ ಎದೆಗೆ ಹಿಡಿದುಕೊಂಡಳು. ಮ್ಯಾನೇಜರನ ಕಡೆ ತಿರುಗಿದಳು.

"ನಲವತ್ತು ಕೇಂದ್ರ ಕಾಯಬೇಕಿದ್ದ ಸಾಲು ನನ್ನ ಮನೆ ಗೋಡೆ ಮೇಲಿದೆ ಪೆನ್ಸಿಲ್."

ಅವನು ತಲೆ ಎತ್ತಲಿಲ್ಲ. "ಕೇಳಿದ್ದು ನೀವೇ ಅಕ್ಕ. ಫೋನ್ ಮಾಡಿ, ಮೇಷ್ಟ್ರ ಸಹಿ ಇರೋದೇನಾದ್ರೂ ಒಂದು ಕೊಡೋ, ಸಾಯೋತನಕ ಇಟ್ಕೋತೀನಿ ಅಂದ್ರಿ. ಹುಡುಕಿದೆ. ಅವರ ಪುಸ್ತಕಗಳನ್ನೆಲ್ಲ ಕಚೇರಿಯವರು ರದ್ದಿಗೆ ಹಾಕಿದ್ರು. ಮಿಕ್ಕಿದ್ದು ಈ ತಗಡಿನ ಒಳಗೆ ಮಾತ್ರ."

ಅವಳು ಹೌದು ಎಂದಳು, ತನಗೇ ಕೇಳಿಸದಷ್ಟು ಸಣ್ಣಗೆ. ಕೇಳಿದ್ದು ನಿಜ. ಕಣ್ಣು ಹೋಗಿಬಿಟ್ಟರೆ ಎಂಬ ಭಯದಲ್ಲಿ, ಕೊನೆಯದಾಗಿ ಒಮ್ಮೆ ಆ ಸಹಿ ನೋಡಬೇಕೆಂದು ಆಸೆಪಟ್ಟದ್ದೂ ನಿಜ.

"ಕತ್ತರಿಸಿ ಹಾಗೇ ಬಿಟ್ಟುಹೋದೆಯಾ?"

"ಇಲ್ಲ." ಈಗ ಅವನು ತಲೆ ಎತ್ತಿದ. ಕಣ್ಣು ಕೆಂಪಾಗಿತ್ತು. "ಮೇಷ್ಟ್ರ ಶಿಷ್ಯ ಅಕ್ಕ ನಾನೂ. ಕತ್ತರಿಸೋಕೆ ಮುಂಚೆ ಒಂಬತ್ತು ಸಾಲನ್ನೂ ಹೊಸ ಹಾಳೆಗೆ ನನ್ನ ಕೈಯಾರೆ ಬರೆದೆ. ಹನ್ನೊಂದು ವರ್ಷದ ಮೇಲೆ ಪೆನ್ನು ಹಿಡಿದಿದ್ದು. ಹಳೇ ಚೀಟಿ ಮೇಲೇ ಅಂಟಿಸಿದೆ, ನಾಲ್ಕು ಮೂಲೆಗೂ ಟೇಪು ಹಾಕಿ. ಇವನಿಗೆ ಹೇಳೋಕೆ ನಾಚಿಕೆಯಾಯ್ತು. ಮೇಷ್ಟ್ರ ಚೀಟಿಗೆ ಕತ್ತರಿ ಹಾಕಿದೆ ಅಂತ ಹೇಗೆ ಹೇಳಲಿ?"

"ಹಾಗಾದ್ರೆ ಆ ಹಾಳೆ ಎಲ್ಲಿ?"

"ಅದೇ ನನಗೂ ಗೊತ್ತಿಲ್ಲ. ಬುಧವಾರ ಆದ ಮೇಲೆ ತಗಡು ತೆಗೆದು ನೋಡಿದೆ. ಹಾಳೆ ಇರಲಿಲ್ಲ. ಹೆದರಿ ಮತ್ತೆ ಮುಚ್ಚಿಬಿಟ್ಟೆ. ಬೀಗದ ಕೈ ಕಾವಲಿನವನ ಹತ್ರ ಇಸಕೊಂಡಿದ್ದೆ, ಪುಸ್ತಕದಲ್ಲಿ ಬರೀಲಿಲ್ಲ."

ನಾಲ್ಕನೇ ಸ್ಕ್ರೂ ಬಿಗಿದ ಕೈ ಯಾವುದೆಂದು ಗೊತ್ತಾಯಿತು. ಟಾರ್ಚಕ್ಕ ಚೀಟಿಯ ಮೂಲೆಗಳನ್ನು ಇನ್ನೊಮ್ಮೆ ನೋಡಿದಳು. ಹೊಸ ಟೇಪಿನ ನಾಲ್ಕು ಚೂರು. ಅಂಟಿಸಿದ ಟೇಪಲ್ಲ ಅವು, ಕಿತ್ತಮೇಲೆ ಉಳಿದದ್ದು. ತನ್ನ ಮೇಲೆ ತನಗೇ ಸಿಟ್ಟು ಬಂತು. ಕಣ್ಣಿಗೆ ಹೊಸ ಗಾಜು ಹಾಕಿಸಿಕೊಂಡರೇನು, ನೋಡುವುದನ್ನೇ ಮರೆತಿದ್ದಳು.

"ಮೌನಿ."

"ನಾನೇ ಕಿತ್ತಿದ್ದು ಅಕ್ಕ," ಎಂದ ಅವನು, ಕೇಳುವ ಮುಂಚೆಯೇ.

ಮ್ಯಾನೇಜರ್ ಸ್ಟೂಲಿನಿಂದ ಎದ್ದ. ಟಾರ್ಚಕ್ಕ ಕೈ ಮಾಡಿ ಅವನನ್ನು ಕೂರಿಸಿದಳು.

"ಯಾಕೆ ಕಿತ್ತೆ?"

"ನೀವೇ ಹೇಳಿದ್ರಲ್ಲ, ಕೆಲಸ ಬಿಟ್ಟು ಹೋದ ದಿನ. ಮೇಷ್ಟ್ರ ಅಕ್ಷರ ಅಲ್ಲದ ಚೀಟಿ ಈ ಯಂತ್ರಗಳ ಒಳಗೆ ಕಂಡ್ರೆ ನಂಬಬೇಡ, ಕಿತ್ತುಹಾಕು ಅಂತ. ಯಾರದೋ ಕೋಳಿಕಾಲು ಅಕ್ಷರ, ನಾನು ಕಂಡೇ ಇರಲಿಲ್ಲ."

ಅಂದದ್ದು ನಿಜವೇ. ಅವತ್ತು ಈ ಬಾಗಿಲ ಹತ್ತಿರವೇ ನಿಂತು, ದೊಡ್ಡ ಪಂಡಿತೆಯ ಹಾಗೆ ಬೆರಳೆತ್ತಿ ಹೇಳಿದ್ದಳು.

"ಹಾಳೇಲಿ ಒಂಬತ್ತು ಇತ್ತಲ್ಲೋ. ಚೀಟೀಲಿ ಎಂಟು. ನಿನಗೆ ಅನುಮಾನ ಬರಲಿಲ್ವಾ?"

"ಬಂತು. ಅದಕ್ಕೇ ಕೇಳಿದೆ."

"ಯಾರನ್ನ?"

ಮೌನಿ ಮ್ಯಾನೇಜರನನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಸಭೆಯ ಕೋಣೆಯ ಕಡೆಯಿಂದ ಕುರ್ಚಿ ಜರುಗಿಸುವ ಸದ್ದು ಬರುತ್ತಿತ್ತು. ಹೊರಗಿನಿಂದ ಬಂದ ತನಿಖೆಯವರು ಆಗಲೇ ಕೂರುತ್ತಿದ್ದರು.

"ಇದನ್ನ ಅಲ್ಲಿ ಹೇಳಬಾರದು ಅಂತಿದ್ದೆ," ಎಂದ ಮೌನಿ. "ಕೆಲಸ ಹೋದ್ರೂ ಸರಿ. ನಿಮ್ಮ ಹೆಸರು ನಾನು ಎಳೀಬಾರದು ಅಂತ."

"ನನ್ನ ಹೆಸರಾ?"

"ಫರ್ಮ್‌ವೇರ್ ಹಾಕೋಕೆ ನಾಲ್ಕು ದಿನ ಮುಂಚೆ ನಿಮಗೆ ಕಾಗದ ಬರೆದೆ ಅಕ್ಕ. ಕಿತ್ತ ಹಾಳೆಯನ್ನೂ ಜೊತೇಲಿ ಇಟ್ಟೆ. ಒಂಬತ್ತನೇದು ಮಾಡಲಾ, ಬಿಡಲಾ, ಇದು ಯಾರ ಅಕ್ಷರ ಅಂತ ಕೇಳಿದ್ದೆ. ನೀವು ಉತ್ತರ ಕೊಟ್ರಿ."

"ನಾನು ಯಾವ ಉತ್ತರಾನೂ ಕೊಟ್ಟಿಲ್ಲ. ನನಗೆ ಕಾಗದಾನೇ ಬಂದಿಲ್ಲ."

ಮೌನಿ ಅಂಗಿಯ ಜೇಬಿನಿಂದ ಒಂದು ಕಾರ್ಡು ತೆಗೆದ. ಬೆವರು ತಾಗಿ ಅದರ ಮೂಲೆಗಳು ಮೆತ್ತಗಾಗಿದ್ದವು. ಒಂದು ವಾರದಿಂದ ಅದನ್ನು ಎದೆಯ ಮೇಲೇ ಹೊತ್ತು ತಿರುಗಿದ್ದಂತೆ ಕಾಣುತ್ತಿತ್ತು.

"ನಿಮ್ಮ ಅಕ್ಷರ ಅಲ್ಲ ಅಂತ ಗೊತ್ತಾಯ್ತು. ಆದ್ರೆ ಆಪರೇಷನ್ ಆಗಿ ಕಣ್ಣಿಗೆ ಪಟ್ಟಿ ಕಟ್ಟಿತ್ತಲ್ಲ ನಿಮಗೆ. ಯಾರ ಕೈಲೋ ಹೇಳಿ ಬರೆಸಿದ್ದೀರಿ ಅಂದ್ಕೊಂಡೆ. ಕೆಳಗೆ ನಿಮ್ಮ ಹೆಸರಿತ್ತು. ನಂಬಿದೆ."

ಅವಳು ಕಾರ್ಡನ್ನು ಟಾರ್ಚಿನ ಬೆಳಕಿಗೆ ಹಿಡಿದಳು.

"ಮೇಷ್ಟ್ರ ಚೀಟಿಯನ್ನೇ ನಂಬು. ಹೊಸ ಹಾಳೆ ಬೇಡ. ಇನ್ನು ಮುಂದೆ ಆ ಕೋಣೆಯ ಯಾವ ವಿಷಯಕ್ಕೂ ನನಗೆ ಬರೆಯಬೇಡ. ಟಾರ್ಚಕ್ಕ."

ಹಸಿರು ಇಂಕು. ಗುಂಡು ಗುಂಡು ಅಕ್ಷರ.

ಅವಳು ಮೇಜಿನ ಕಡೆ ತಿರುಗಿದಳು. ನಾಲ್ಕು ಸ್ಕ್ರೂಗಳ ಕೆಳಗೆ, ಊಟದ ಡಬ್ಬಿಯ ಮುಚ್ಚಳದಲ್ಲಿ, ಅದೇ ಇಂಕು ಮಾತ್ರೆ ನುಂಗು ಎನ್ನುತ್ತಿತ್ತು. ಮೂವತ್ತೊಂದು ವರ್ಷ ಬೆಳಗಾದರೆ ಅವಳು ಓದಿದ ಅಕ್ಷರ ಅದು.

ಹೊರಗೆ ಯಾರೋ ಬಾಗಿಲು ತಟ್ಟಿ, ಸಭೆ ಶುರುವಾಗುತ್ತಿದೆ, ಅಕ್ಕನವರನ್ನೇ ಮೊದಲು ಕರೆಯುತ್ತಿದ್ದಾರೆ ಎಂದರು. ಈ ಕಾರ್ಡು ತೋರಿಸಿದರೆ ಮೌನಿ ಉಳಿಯುತ್ತಾನೆ. ತೋರಿಸಿದ ಮೇಲೆ, ಇದನ್ನು ಬರೆದವರು ಯಾರು ಎಂದು ಅವರು ಕೇಳದೆ ಬಿಡುವುದಿಲ್ಲ.

ಎದೆಗೆ ಒತ್ತಿಹಿಡಿದಿದ್ದ ಫೋನಿನಿಂದ ಸಣ್ಣಗೆ ದನಿ ಬರುತ್ತಿತ್ತು. ಅವಳು ಅದನ್ನು ನಿಧಾನವಾಗಿ ಕಿವಿಗಿಟ್ಟುಕೊಂಡಳು.

"ಎಲ್ಲಾ ಕೇಳಿಸಿಕೊಂಡೆ ಕಣೇ," ಎಂದ ಗಂಡ. "ಹೌದು, ಬರೆದಿದ್ದು ನಾನೇ. ಆದ್ರೆ ಹಾಗೆ ಬರೀರಿ ಅಂತ ನನ್ನ ಕೈಲಿ ಬರೆಸಿದವರು ಬೇರೆ, ಮುಖ್ಯ ಕಚೇರಿಯವರೊಬ್ಬರು. ಅವರು ಈಗ ಆ ಸಭೆಯಲ್ಲೇ ಕೂತಿದ್ದಾರೆ."